ಚಾಕುವಿಗೆ ಬಾಯಿ ಬಂತು

ಪೇಂಟ್ ಡಬ್ಬಿಯ ಮುಚ್ಚಳ ಎಬ್ಬಿಸಲು ಒಂದು ಚಮಚ ಸಾಕಿತ್ತು. ಚಮಚ ಸಿಗದಿದ್ದರೆ ಸ್ಕ್ರೂಡ್ರೈವರ್ ಇತ್ತು; ಕುರ್ಚಿ, ಸೋಫಾ ಮಾಡುವ ಆ ವರ್ಕ್‌ಶಾಪಿನಲ್ಲಿ ಕಣ್ಣು ಮುಚ್ಚಿ ಕೈ ಚಾಚಿದರೂ ಒಂದು ಸ್ಕ್ರೂಡ್ರೈವರ್ ಸಿಗುತ್ತಿತ್ತು. ಆದರೆ ಯಜಮಾನರ ಭಾವಮೈದ ಕೈ ಹಾಕಿದ್ದು ಗೋಡೆಯ ಮೊಳೆಗೆ ನೇತುಹಾಕಿದ್ದ ಕುಶನ್ ಮೇಸ್ತ್ರಿಯ ಅಂಗಿಯ ಜೇಬಿಗೆ. ಅಲ್ಲಿದ್ದ ಮಡಿಚುವ ಚಾಕುವನ್ನು ತೆಗೆದ, ಬಿಚ್ಚಿದ, ಮುಚ್ಚಳದ ಸಂದಿಗೆ ತುರುಕಿ ಮೀಟಿದ. ಮುಚ್ಚಳ ಬಂತು. ಅಲ್ಲಿಗೆ ಬಿಡಬಹುದಿತ್ತು. ಚಾಕು ಕೈಯಲ್ಲಿದೆಯಲ್ಲ ಎಂದು ಗೋಡೆಗೆ ಅಂಟಿದ್ದ ಸಿಮೆಂಟನ್ನೂ ಅದರಲ್ಲೇ ಕೆರೆದ. ಆಮೇಲೆ ಕಿಟಕಿಯ ಚೌಕಟ್ಟಿನಿಂದ ತುಕ್ಕು ಹಿಡಿದ ಮೊಳೆಯೊಂದು ಇಣುಕುತ್ತಿದ್ದದ್ದು ಕಂಡಿತು.

ಆ ಚಾಕು ಅಂಥಿಂಥ ಚಾಕುವಲ್ಲ. ಮೇಸ್ತ್ರಿಗೆ ಕುಶನ್ ಕೆಲಸ ಕಲಿಸಿದ ಗುರುಗಳು ಕೊಟ್ಟದ್ದು. ಕೊಂಬಿನ ಹಿಡಿ, ಎಲೆಯಂತೆ ತೆಳ್ಳಗಿನ ಅಲಗು. ಅದರಲ್ಲಿ ಮೇಸ್ತ್ರಿ ಹಣ್ಣು ಸಹ ಹೆಚ್ಚಿದವನಲ್ಲ. "ನಮ್ಮ ಮದುವೆಯಾಗಿ ಎಷ್ಟು ವರ್ಷ ಅಂತ ಕೇಳಿದ್ರೆ ತಲೆ ಕೆರ್ಕೋತಾರೆ. ಚಾಕು ಸಿಕ್ಕಿದ ದಿನ ಮಾತ್ರ ನಿದ್ದೆಗಣ್ಣಲ್ಲೂ ಹೇಳ್ತಾರೆ" ಎಂದು ಅವನ ಹೆಂಡತಿ ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದಳು.

ಮೇಸ್ತ್ರಿ ಕೈ ತೊಳೆದು ಬಂದು, ಜೇಬಿನಿಂದ ಚಾಕು ತೆಗೆದು ಬಿಚ್ಚಿದಾಗ ಅದರ ಬಾಯಿ ಹಲ್ಲು ಉದುರಿದ ಬಾಚಣಿಗೆಯ ಹಾಗಿತ್ತು. ತುದಿಯಲ್ಲಿ ಬಿಳಿ ಪೇಂಟು. ಹೆಬ್ಬೆರಳನ್ನು ಅಲಗಿನ ಮೇಲೆ ಮೆಲ್ಲಗೆ ಅಡ್ಡ ಸವರಿದ. ಬೆರಳಿಗೆ ಏನೂ ಆಗಲಿಲ್ಲ. 

"ಯಾರು ಮುಟ್ಟಿದ್ದು ಇದನ್ನ?"

"ನಾನೇ ಮೇಸ್ತ್ರಿಗಳೇ" ಎಂದ ಭಾವಮೈದ, ಬಹುಮಾನ ತೆಗೆದುಕೊಳ್ಳಲು ಮುಂದೆ ಬರುವವನಂತೆ. "ಸ್ವಲ್ಪ ಕೆಲಸ ಇತ್ತು. ಒರೆಸಿಯೇ ಇಟ್ಟಿದ್ದೀನಿ ನೋಡಿ."

ಯಾರಾದರೂ ಬೇರೆಯವರಾಗಿದ್ದರೆ ಮೇಸ್ತ್ರಿ ಅವರ ವಂಶವನ್ನೆಲ್ಲ ಜಾಲಾಡುತ್ತಿದ್ದ. ಆದರೆ ಇವನು ಯಜಮಾನರ ಹೆಂಡತಿಯ ಒಬ್ಬನೇ ತಮ್ಮ. ಕೆಲಸ ಅಂತ ಏನೂ ಇಲ್ಲ. ಎಲ್ಲರಿಗೂ ಸಹಾಯ ಮಾಡುವುದೇ ಕೆಲಸ. ಬೀಗಕ್ಕೆ ಎಣ್ಣೆ ಬಿಡಲು ಹೋಗಿ ಫೆವಿಕಾಲ್ ಬಿಟ್ಟವನು ಇವನೇ. ಅವನು ಬರುವುದು ಕಂಡರೆ ಬಡಗಿ, "ಸಹಾಯ ಬಂತು, ಒಡೆಯೋದೆಲ್ಲ ಎತ್ತಿಡಿ" ಎಂದು ಪಿಸುಗುಟ್ಟುತ್ತಿದ್ದ.

ಮೇಸ್ತ್ರಿ ಮಾತು ನುಂಗಿಕೊಂಡ. ನುಂಗಲಾಗದ್ದು ಇನ್ನೊಂದಿತ್ತು. ಅಂದು ಮಧ್ಯಾಹ್ನ ದೊಡ್ಡ ಹೋಟೆಲಿನ ಮೇಡಂ ಬರುವವರಿದ್ದರು. ಅವರ ಊಟದ ಹಾಲ್‌ಗೆ ಬೇಕಾದ ಕುರ್ಚಿಗಳೆಲ್ಲ ಹೊಸದಾಗಿ ಆಗಬೇಕಿತ್ತು. ಅದಕ್ಕೆ ಮೊದಲು ಮಾದರಿಗೆ ಒಂದು ಕುರ್ಚಿ. ಚರ್ಮವನ್ನು ಅವರೇ ಕಳಿಸಿದ್ದರು, ಒಂದೇ ಒಂದು ಹಾಳೆ. "ಕತ್ತರಿಸೋದನ್ನ ನನ್ನ ಕಣ್ಣೆದುರೇ ಕತ್ತರಿಸಬೇಕು" ಎಂದೂ ಹೇಳಿಕಳಿಸಿದ್ದರು. ಕತ್ತರಿ ಆಡಿಸಿದರೆ ಅಂಚು ಅಲೆ ಅಲೆಯಾಗುತ್ತದೆ. ಒಂದೇ ಎಳೆತಕ್ಕೆ ಸೀಳಬೇಕು. ಅದು ಈ ಚಾಕುವಿನಿಂದ ಮಾತ್ರ ಆಗುವ ಕೆಲಸ. ಯಜಮಾನರು ಆ ಗಳಿಗೆಗೆಂದೇ ಹೊಸ ಕಪ್ಪು ಕೋಟು ಹೊಲಿಸಿಕೊಂಡು ಬೆಳಗಿನಿಂದ ಅದರೊಳಗೆ ಬೇಯುತ್ತಿದ್ದರು.

ಮೇಸ್ತ್ರಿ ಒಂದು ಚೂರು ರದ್ದಿ ಚರ್ಮದ ಮೇಲೆ ಚಾಕು ಎಳೆದು ನೋಡಿದ. ಅದು ಕೊಯ್ಯಲಿಲ್ಲ, ಬೊಚ್ಚುಬಾಯಿಯ ಮುದುಕ ರೊಟ್ಟಿ ಅಗಿದಂತೆ ಅಗಿಯಿತು.

ಸಾಣೆಕಲ್ಲು ಹುಡುಕಲು ಒಳಗೆ ಹೋಗಿ ಬರುವಷ್ಟರಲ್ಲಿ ಹಿಂದಿನಿಂದ ಕಿರ್ರೆಂಬ ಸದ್ದು ಕೇಳಿತು. ಬಡಗಿ ಕರೆಂಟಿನ ಸಾಣೆಚಕ್ರ ತಿರುಗಿಸಿ, ಚಾಕುವನ್ನು ಅದರ ಹತ್ತಿರ ಒಯ್ಯುತ್ತಿದ್ದ. ಭಾವಮೈದ ಪಕ್ಕದಲ್ಲಿ ನಿಂತು, "ಇನ್ನೂ ಸ್ವಲ್ಪ ಒತ್ತಿ ಹಿಡೀರಿ" ಎನ್ನುತ್ತಿದ್ದ. ಮೇಸ್ತ್ರಿ ಹಾರಿ ಬಂದು ಕಿತ್ತುಕೊಂಡ.

"ಉಳಿ ಅಂದ್ಕೊಂಡ್ಯಾ ಇದನ್ನ? ಚಕ್ರಕ್ಕೆ ಕೊಟ್ರೆ ಹಿಡಿ ಒಂದೇ ಉಳಿಯತ್ತೆ."

"ಒಳ್ಳೇದಕ್ಕೆ ಮಾಡಿದೆ ಮಾರಾಯ" ಎಂದ ಬಡಗಿ. "ಕೈಯಲ್ಲಿ ಮಸೆಯೋದಾದ್ರೆ ಸುತ್ತಾ ಸುತ್ತಾ ಮಸೆ. ಹಿಂದೆ ಮುಂದೆ ಎಳೀಬೇಡ."

"ಸುತ್ತಾ ಮಸೆದ್ರೆ ಚಾಕುಗೆ ತಲೆ ತಿರುಗತ್ತೆ ಅಷ್ಟೇ" ಎಂದರು ಹೊಲಿಗೆ ಅಕ್ಕ, ಮೆಷಿನ್ನಿನಿಂದ ತಲೆ ಎತ್ತದೆ. ಅವರು ಅಲ್ಲಿ ಎಲ್ಲರಿಗಿಂತ ಹಿರಿಯರು. "ಒಂದೇ ಕಡೆಗೆ ಎಳಿಯಪ್ಪಾ. ಎಣ್ಣೆ ಹಾಕ್ಕೊಂಡು ಎಳಿ."

ಎಣ್ಣೆ ಎಂಬ ಶಬ್ದ ಕಿವಿಗೆ ಬಿದ್ದದ್ದೇ ಭಾವಮೈದ ಮಾಯವಾದ. ಬೇಡ ಎನ್ನಲು ಮೇಸ್ತ್ರಿ ಬಾಯಿ ತೆರೆಯುವುದಕ್ಕೂ ಅವನು ಬಾಟಲಿ ತಂದು ಕಲ್ಲಿನ ಮೇಲೆ ಸುರಿಯುವುದಕ್ಕೂ ಸರಿಹೋಯಿತು. ನುಣ್ಣಗೆ, ಹಳದಿಯಾಗಿ, ಎಣ್ಣೆಯ ಹಾಗೇ ಇತ್ತು. ಮೇಸ್ತ್ರಿ ಚಾಕು ಇಟ್ಟು ಒಮ್ಮೆ ಎಳೆದ, ಎರಡನೆಯ ಸಲ ಎಳೆದ. ಆಮೇಲೆ ಚಾಕು ಎತ್ತಿದರೆ ಕಲ್ಲೂ ಜೊತೆಗೆ ಎದ್ದಿತು.

"ಇದು ವಾರ್ನಿಷ್" ಎಂದ ಮೇಸ್ತ್ರಿ.

"ಹೌದಾ?" ಎಂದ ಭಾವಮೈದ ಬಾಟಲಿಯನ್ನು ಮೂಸಿ. "ಒಳ್ಳೇ ಕಂಪನೀದೇ ಇದೆ."

ಟರ್ಪೆಂಟೈನಿನಲ್ಲಿ ಕಲ್ಲನ್ನೂ ಚಾಕುವನ್ನೂ ತಿಕ್ಕಿ ಬೇರ್ಪಡಿಸುವ ಹೊತ್ತಿಗೆ ಮೇಸ್ತ್ರಿಯ ಕಣ್ಣಲ್ಲಿ ನೀರು. ಅದು ಟರ್ಪೆಂಟೈನಿನ ಘಾಟು ಎಂದು ಎಲ್ಲರೂ ತಿಳಿದರು. ಅವನು ಕಲ್ಲು, ಚಾಕು, ಒಂದು ಲೋಟ ನೀರು ಎತ್ತಿಕೊಂಡು, ನಾರು ಸ್ಪಂಜು ತುಂಬಿಡುವ ಕತ್ತಲೆ ಕೋಣೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡ.

ಹೊರಗಿನಿಂದ ಬಾಗಿಲು ಬಡಿಯುವುದು ಕೇಳಿತು. "ಸಹಾಯ ಬೇಕಾ ಮೇಸ್ತ್ರಿಗಳೇ?"

"ಬೇಡ."

"ಸಂಕೋಚ ಪಡ್ಬೇಡಿ."

ಮೇಸ್ತ್ರಿ ಕಲ್ಲಿನ ಒರಟು ಮಗ್ಗುಲಿಗೆ ನೀರು ಚಿಮುಕಿಸಿ ಅಲಗನ್ನು ಓರೆಯಾಗಿ ಇಟ್ಟ. ಗುರುಗಳು ಕೈ ಹಿಡಿದು ತೋರಿಸಿದ ಓರೆ ಅದು, ಬೆರಳುಗಳಿಗೆ ಮರೆತಿರಲಿಲ್ಲ. ಸರ್... ಸರ್... ಎಂದು ಎಳೆಯುತ್ತ ಹೋದಂತೆ ಮೊದಲು ಗರಗರ ಎನ್ನುತ್ತಿದ್ದ ಚಾಕು ಸ್ವಲ್ಪ ಹೊತ್ತಿಗೆ ಗೊಣಗತೊಡಗಿತು, ಆಮೇಲೆ ಪಿಸುಗುಟ್ಟಿತು. ಒಂದೊಂದೇ ಮುಕ್ಕು ಸವೆದುಹೋಯಿತು. ಕಲ್ಲು ಮಗುಚಿ ನುಣುಪು ಮಗ್ಗುಲಲ್ಲಿ ಮಸೆದಾಗ ಬಾಯಿಯ ಅಂಚಿನಲ್ಲಿ ಕಣ್ಣಿಗೆ ಕಾಣದ, ಬೆರಳಿಗೆ ಮಾತ್ರ ತಿಳಿಯುವ ಲೋಹದ ಎಳೆಯೊಂದು ಎದ್ದಿತು. ಅದನ್ನು ಬಿಡಿಸಲು ಚರ್ಮದ ಮೇಲೆ ಉಜ್ಜಬೇಕು. ಕೋಣೆಯಲ್ಲಿ ಚರ್ಮವಿರಲಿಲ್ಲ. ಮೇಸ್ತ್ರಿ ಪ್ಯಾಂಟಿನ ಬೆಲ್ಟು ಬಿಚ್ಚಿ ಬಾಗಿಲ ಹಿಡಿಗೆ ಕಟ್ಟಿ, ಎಡಗೈಯಲ್ಲಿ ಅದನ್ನು ಬಿಗಿಯಾಗಿ ಎಳೆದುಕೊಂಡು, ಚಾಕುವನ್ನು ಹಿಂದಕ್ಕೂ ಮುಂದಕ್ಕೂ ಹೊರಳಿಸಿ ಉಜ್ಜಿದ. ಪ್ಯಾಂಟು ಮೊಣಕಾಲಿಗೆ ಇಳಿಯಿತು. ಇಳಿದರೆ ಇಳಿಯಲಿ.

ಕೊನೆಗೆ ಮುಂಗೈ ಮೇಲೆ ಚಾಕುವನ್ನು ಆಡಿಸಿದ. ಚರ್ಮಕ್ಕೆ ತಾಗಿದ್ದೇ ತಿಳಿಯಲಿಲ್ಲ. ಕೂದಲು ಮಾತ್ರ ಉದುರಿ, ಕೈ ಮಗುವಿನ ಕೆನ್ನೆಯಂತಾಯಿತು. ಹೊಸದಾಗಿ ಕೈಗೆ ಬಂದಾಗಲೂ ಆ ಚಾಕು ಹೀಗಿರಲಿಲ್ಲ. ಮೇಸ್ತ್ರಿ ಆ ಕತ್ತಲೆ ಕೋಣೆಯಲ್ಲಿ, ಮೊಣಕಾಲಿಗಿಳಿದ ಪ್ಯಾಂಟಿನಲ್ಲಿ, ಒಬ್ಬನೇ ನಿಂತು ನಕ್ಕ.

ಆಗಲೇ ಯಜಮಾನರ ದನಿ ಕೇಳಿತು. "ಏನಯ್ಯಾ ಮೇಸ್ತ್ರಿ, ಮೇಡಂ ಬಂದಾಯ್ತು. ಎಲ್ಲಿದ್ದೀಯ?"

ಗಡಿಬಿಡಿಯಲ್ಲಿ ಬೆಲ್ಟಿನ ಗಂಟು ಬಿಚ್ಚಲು ಬರಲಿಲ್ಲ. ಹೊಸ ಬಾಯಿ ಬಂದ ಚಾಕುವಿನಿಂದ ಕುಯ್ಯೋಣವೆಂದರೆ ಮನಸ್ಸು ಬರಲಿಲ್ಲ. ಮೊದಲ ಕೊಯ್ತ ಇದಕ್ಕಲ್ಲ. ಕೈಗೆ ಸಿಕ್ಕ ಕುಶನ್ ಪಟ್ಟಿಯೊಂದನ್ನು ಸೊಂಟಕ್ಕೆ ಬಿಗಿದುಕೊಂಡು ಮೇಸ್ತ್ರಿ ಯುದ್ಧಕ್ಕೆ ಹೊರಟವನಂತೆ ಹೊರಗೆ ಬಂದ.

ಮೇಡಂ ಮೇಜಿನ ಆಚೆ ನಿಂತಿದ್ದರು. ಕಡಿಮೆ ಮಾತಿನವರು, ಹೆಚ್ಚು ನೋಡುವವರು. ಮೊದಲು ಸೊಂಟದ ಪಟ್ಟಿ ನೋಡಿದರು, ಆಮೇಲೆ ಕೂದಲಿಲ್ಲದ ಮುಂಗೈ. ಯಜಮಾನರು ಸೆಕೆ ತಾಳಲಾರದೆ ಕೋಟು ಕಳಚಿಟ್ಟು, ಬೆವರು ಒರೆಸಿಕೊಳ್ಳುತ್ತಿದ್ದರು. ಬಡಗಿ ಚರ್ಮದ ಹಾಳೆಯನ್ನು ಮೇಜಿನ ಮೇಲೆ ಹಾಸಲು ಹೊರಟ.

"ತಡಿ" ಎಂದ ಮೇಸ್ತ್ರಿ. ಅವನ ದನಿಯಲ್ಲಿ ಅದುವರೆಗೂ ಯಾರೂ ಕೇಳದ ಗತ್ತಿತ್ತು. "ಬರೀ ಮರದ ಮೇಲೆ ಈ ಅಲಗು ತಾಗಬಾರದು. ಕೆಳಗೆ ಏನಾದ್ರೂ ಮೆತ್ತಗಿರೋದು ಹಾಕಿ."

"ಈಗ್ಲೇ ತರ್ತೀನಿ" ಎಂದು ಭಾವಮೈದ ಒಳಗೆ ಓಡಿದ. ಬೆಳಗಿನ ತಪ್ಪು ತಿದ್ದಿಕೊಳ್ಳುವ ಉತ್ಸಾಹ ಅವನ ಕಾಲಿನಲ್ಲಿತ್ತು. ಮರುಕ್ಷಣವೇ ಎಂಥದೋ ಕಪ್ಪು ಬಟ್ಟೆ ತಂದು ಮೇಜಿನ ಉದ್ದಕ್ಕೂ ಸುಕ್ಕಿಲ್ಲದಂತೆ ಹರಡಿ, ಅದರ ಮೇಲೆ ತಾನೇ ಚರ್ಮ ಹಾಸಿದ. ಮೇಸ್ತ್ರಿಯ ಕಣ್ಣೆಲ್ಲ ಚಾಕುವಿನ ಮೇಲೆ. ಒತ್ತಿ ನೋಡಿದ, ಮೆತ್ತಗಿತ್ತು. ಅದುವರೆಗಿನ ಸಹಾಯಗಳಲ್ಲಿ ಇದೊಂದು ಸರಿಯಾಯಿತು ಎಂದುಕೊಂಡ.

ಅಳತೆಪಟ್ಟಿ ಇಟ್ಟ. ಉಸಿರು ಬಿಗಿಹಿಡಿದ. ಎಳೆದ.

ಸದ್ದೇ ಆಗಲಿಲ್ಲ. ಚಾಕು ಚರ್ಮದ ಮೇಲೆ ದೋಣಿಯಂತೆ ತೇಲಿಹೋಗಿ ಆಚೆ ತುದಿಯಲ್ಲಿ ಹೊರಬಂತು. ಏನೂ ಆಗಲಿಲ್ಲವೇನೋ ಎಂದು ಯಜಮಾನರು ಬಗ್ಗಿ ನೋಡಿದರು. ಮೇಸ್ತ್ರಿ ಬೆರಳ ತುದಿಯಿಂದ ಚರ್ಮದ ಒಂದು ಅಂಚನ್ನು ಮೆಲ್ಲಗೆ ಸರಿಸಿದ. ಹಾಳೆ ಎರಡಾಗಿತ್ತು.

ಹೊಲಿಗೆ ಅಕ್ಕ ಮೆಷಿನ್ನು ನಿಲ್ಲಿಸಿ ಎದ್ದು ಬಂದರು. ಬಡಗಿ, "ಕೈಯಲ್ಲ ಅದು" ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಮೇಡಂ ಕನ್ನಡಕ ಹಾಕಿಕೊಂಡು ಅಂಚನ್ನು ಬೆಳಕಿಗೆ ಹಿಡಿದರು, ಉಗುರಿನಿಂದ ಕೆರೆದು ನೋಡಿದರು.

"ಇಷ್ಟು ನಯವಾಗಿ ಕೊಯ್ಯೋರು ಈಗಲೂ ಇದಾರಾ?" ಎಂದರು. "ಎಲ್ಲಾ ಕುರ್ಚಿಗಳೂ ನಿಮ್ಮಲ್ಲೇ ಆಗ್ಲಿ. ಆದ್ರೆ ಕೊಯ್ಯೋದು ಮಾತ್ರ ಇವರೇ."

ಯಜಮಾನರು ಮೇಸ್ತ್ರಿಯ ಬೆನ್ನು ತಟ್ಟಿದರು. ಇಷ್ಟು ಕಾಲದಲ್ಲಿ ಆ ಬೆನ್ನನ್ನು ಅವರು ಮುಟ್ಟಿದ್ದು ಅದೇ ಮೊದಲು. ಮೇಸ್ತ್ರಿ ಕುರ್ಚಿಗೆ ಚರ್ಮ ಎಳೆದು ಕೂರಿಸುವಾಗ ಎಲ್ಲರೂ ಸುತ್ತ ನಿಂತು, ಕ್ಷೌರದಂಗಡಿಯಲ್ಲಿ ಮದುಮಗನನ್ನು ನೋಡುವಂತೆ ನೋಡಿದರು. ಮೇಡಂ ಅದರಲ್ಲಿ ಕೂತರು, ಎದ್ದರು, ಮತ್ತೆ ಕೂತರು. ಚೆನ್ನಾಗಿದೆ ಎಂದರು. ಚಹಾ ಕುಡಿದರು. ಹೊಲಿಗೆ ಅಕ್ಕ ಮೇಸ್ತ್ರಿಯ ಲೋಟಕ್ಕೆ ತಮ್ಮ ಲೋಟದಿಂದ ಅರ್ಧ ಬಗ್ಗಿಸಿದರು. ಅದಕ್ಕಿಂತ ದೊಡ್ಡ ಸನ್ಮಾನ ಆ ವರ್ಕ್‌ಶಾಪಿನಲ್ಲಿ ಯಾರಿಗೂ ಆಗಿರಲಿಲ್ಲ.

ಮೇಡಂ ಹೊರಟು ನಿಂತರು. ಯಜಮಾನರು ಕೋಟು ಕೇಳಿದರು. ಭಾವಮೈದ ಹ್ಯಾಂಗರಿನಿಂದ ತೆಗೆದು, ಎರಡೂ ತೋಳು ಹಿಡಿದು ತಾನೇ ತೊಡಿಸಿದ. ಯಜಮಾನರು ಗುಂಡಿ ಹಾಕಿಕೊಂಡು, ಎದೆ ಉಬ್ಬಿಸಿ, ಮೇಡಂ ಜೊತೆ ಗೇಟಿನವರೆಗೆ ನಡೆದರು. ಕೆಲಸದವರೆಲ್ಲ ಬಾಗಿಲಿಗೆ ಬಂದು ನಿಂತರು. ಕಾರಿನ ಬಾಗಿಲು ಮುಚ್ಚಿತು. ಯಜಮಾನರು ಎರಡೂ ಕೈ ಮುಂದೆ ಚಾಚಿ ಬಗ್ಗಿ ನಮಸ್ಕರಿಸಿದರು.

ಆಗ ಅವರ ಬೆನ್ನು ನಾಟಕದ ಪರದೆಯಂತೆ ತೆರೆಯಿತು.

ಕಾಲರಿನ ಕೆಳಗಿನಿಂದ ಅಂಚಿನವರೆಗೆ ಕೋಟು ಎರಡು ಪಾಲಾಗಿ ಪಕ್ಕಕ್ಕೆ ಸರಿದು, ನಡುವೆ ಬೆವರಿನಲ್ಲಿ ತೊಯ್ದ ಬಿಳಿ ಅಂಗಿ ಕಾಣಿಸಿತು. ಕೊಯ್ತ ಅಷ್ಟು ನಯವಾಗಿತ್ತು. ತಾನು ಎರಡಾಗಿದ್ದೇನೆ ಎಂದು ಆ ಬಟ್ಟೆಗೇ ಅದುವರೆಗೆ ತಿಳಿದಿರಲಿಲ್ಲ.

"ಮೆತ್ತಗಿರೋದು ಅದೊಂದೇ ಸಿಕ್ಕಿದ್ದು" ಎಂದ ಭಾವಮೈದ ಮೇಸ್ತ್ರಿಯ ಕಿವಿಯಲ್ಲಿ.

ಗಾಳಿ ಬೆನ್ನಿಗೆ ಬಡಿದಾಗ ಯಜಮಾನರಿಗೆ ಅನುಮಾನ ಬಂತು. ಕೋಟು ಕಳಚಿದರು. ನೋಡಿದರು. ಅಂಚಿನ ಮೇಲೆ ಬೆರಳಾಡಿಸಿದರು, ಮೇಡಂ ಆಡಿಸಿದ ಹಾಗೆಯೇ. ಒಂದು ಗಳಿಗೆ ಅವರ ಮುಖದಲ್ಲಿ ಮೆಚ್ಚುಗೆ ಸುಳಿದುಹೋಯಿತು. "ಒಂದು ನೂಲೂ ಎದ್ದಿಲ್ಲ" ಎಂದರು. ಆಮೇಲೆ ಕೋಪ ನೆನಪಾಯಿತು.

"ಯಾರ ಕೆಲಸ ಇದು?"

"ಹಾಸಿದ್ದು ನಾನು ಭಾವ" ಎಂದ ಭಾವಮೈದ. ಅವನಲ್ಲಿ ಸುಳ್ಳು ಮಾತ್ರ ಇರಲಿಲ್ಲ. "ಆದ್ರೆ ಆ ಚಾಕು ಹೀಗೆ ಕೊಯ್ಯತ್ತೆ ಅಂತ ನನಗೇನು ಗೊತ್ತು? ಬೆಳಿಗ್ಗೆ ನಾನು ಅದನ್ನ ಎಷ್ಟೊಂದು ಕೆಲಸಕ್ಕೆ ಬಳಸಿದೆ. ಯಾರಿಗೂ ಏನೂ ಆಗ್ಲಿಲ್ಲ."

ಯಜಮಾನರು ಆ ಮಾತನ್ನು ತೂಗಿ ನೋಡಿದರು. ಹೆಂಡತಿಯ ಮುಖವೂ ಕಣ್ಮುಂದೆ ಬಂದಿರಬೇಕು. ಮೇಸ್ತ್ರಿಯ ಮುಂದೆ ಕೈ ಚಾಚಿದರು.

"ಕೊಡಯ್ಯಾ ಇಲ್ಲಿ. ಇಷ್ಟು ಹರಿತದ್ದು ಕೆಲಸದ ಜಾಗದಲ್ಲಿ ಸಿಕ್ಕಸಿಕ್ಕ ಕಡೆ ಇರಬಾರದು. ಜವಾಬ್ದಾರಿ ಇರೋರ ಹತ್ತಿರ ಇರಲಿ. ಕುರ್ಚಿಗಳೆಲ್ಲ ಮುಗಿಯೋವರೆಗೆ ಇವನೇ ಇಟ್ಕೊಳ್ತಾನೆ. ಕೊಯ್ಯೋದಿದ್ದಾಗ ಇವನ ಹತ್ತಿರ ಕೇಳಿ ತಗೋ, ಆದ ಮೇಲೆ ವಾಪಸ್ ಕೊಡು."

"ಯಜಮಾನ್ರೇ, ಅದು ನನ್ನ ಚಾಕು."

"ನಿನ್ನದೇ, ಯಾರು ಅಲ್ಲ ಅಂದ್ರು? ಇವನು ಬರೀ ಇಟ್ಕೊಳ್ತಾನೆ."

ಭಾವಮೈದ ಚಾಕುವನ್ನು ಮಡಿಚಿ ತನ್ನ ಜೇಬಿಗೆ ಇಳಿಸಿ, ಮೇಲಿನಿಂದ ಎರಡು ಸಲ ತಟ್ಟಿಕೊಂಡ.

ಮೇಸ್ತ್ರಿ ಒಳಗೆ ಹೋಗಿ ಕುರ್ಚಿಯ ಮುಂದೆ ಕೂತ. ಅದು ನಿಜವಾಗಿಯೂ ಚೆನ್ನಾಗಿತ್ತು. ಸಾಲು ಸಾಲು ಇಂಥವೇ ಕುರ್ಚಿಗಳು ದೊಡ್ಡ ಹಾಲ್‌ನಲ್ಲಿ ನಿಲ್ಲುವುದನ್ನು ನೆನೆದು, ಎಲ್ಲವೂ ತನ್ನ ಕೈಯಿಂದಲೇ ಎಂದು ಅವನ ಎದೆ ಮತ್ತೆ ಸ್ವಲ್ಪ ಉಬ್ಬಿತು. ಅಷ್ಟರಲ್ಲಿ ಸೀಟಿನ ಅಡಿಯಲ್ಲಿ ದಾರದ ತುದಿಯೊಂದು ಜೋತಾಡುವುದು ಕಂಡಿತು. ಕೈ ಅಭ್ಯಾಸಬಲದಿಂದ ಗೋಡೆಯ ಅಂಗಿಯ ಕಡೆ ಹೋಯಿತು, ನಿಂತಿತು.

"ಸ್ವಲ್ಪ..." ಎಂದ ಮೇಸ್ತ್ರಿ ಭಾವಮೈದನ ಕಡೆ ತಿರುಗಿ. "ಚಾಕು ಕೊಡ್ತೀರಾ?"

"ಅದಕ್ಕೇನಂತೆ, ತಗೊಳ್ಳಿ" ಎಂದ ಭಾವಮೈದ ಉದಾರವಾಗಿ. "ಸ್ವಲ್ಪ ಹುಷಾರು ಮೇಸ್ತ್ರಿಗಳೇ, ಮೊಂಡು ಮಾಡ್ಬೇಡಿ."