ಹಿಲ್ಡಿಂಗನ ಮುಂದಿನ ಹಲ್ಲು

ಸ್ವೀಡನ್ನಿನ ಯೋತೆಬೋರಿ ನಗರದ ಟ್ರಾಮ್ ಕಾರ್ಖಾನೆಯಲ್ಲಿ ಬ್ರೇಕು ರಿಪೇರಿ ಮಾಡುವ ಹಿಲ್ಡಿಂಗನಿಗೆ ಆ ದಿನ ಮಧ್ಯಾಹ್ನ ಎರಡಕ್ಕೆ ಹಲ್ಲಿನ ಆಪರೇಷನ್. ಒಂಬತ್ತೂವರೆಯ ಕಾಫಿಗೆ ಅವನು ಆ ವಿಷಯ ಬಾಯಿಬಿಟ್ಟದ್ದೇ ತಪ್ಪಾಯಿತು.

ಮೇಲಿನ ಸಾಲಿನ ಮುಂದಿನ ಹಲ್ಲೊಂದು ಹೋದಂದಿನಿಂದ ಅವನ ತುತ್ತೂರಿ ಮೂಲೆ ಸೇರಿತ್ತು. ಊದಿದರೆ ಬರೀ ಗಾಳಿ. ಇಪ್ಪತ್ತೆರಡು ವರ್ಷದಿಂದ ಮೇ ಒಂದರ ಮೆರವಣಿಗೆಯಲ್ಲಿ ಕಾರ್ಖಾನೆಯ ಬ್ಯಾಂಡಿನ ಮುಂದೆ ನಡೆದವನು ಅವನು. ಈಗಾಗಲೇ ನವೆಂಬರ್. ಹೊಸ ಹಲ್ಲು ಕೂರಿಸಲು ದವಡೆಗೆ ಹಾಕುವ ತಿರುಪು ಮೂಳೆಗೆ ಬೆಸೆಯಲು ನಾಲ್ಕೈದು ತಿಂಗಳು ಬೇಕು. ಇವತ್ತು ತಪ್ಪಿದರೆ ಮೇ ತಿಂಗಳೂ ತಪ್ಪಿದ ಹಾಗೆ.

ಬಣ್ಣ ಬಳಿಯುವ ಗುನ್ವೊರ್ ತನ್ನ ಅಕ್ಕನ ಕತೆ ತೆಗೆದಳು. ನರಕ್ಕೆ ಪೆಟ್ಟಾಗಿ ತುಟಿ ಮರಗಟ್ಟಿದೆಯಂತೆ, ಕಾಫಿ ಗಲ್ಲದ ಮೇಲೆ ಸುರಿದರೂ ಗೊತ್ತಾಗುವುದಿಲ್ಲವಂತೆ. ಇನ್ನೊಬ್ಬನ ಮಾವನಿಗೆ ತಿರುಪು ಮೂಗಿನ ಪಕ್ಕದ ಪೊಳ್ಳಿಗೇ ಏರಿತ್ತು. ಪಕ್ಕದ ಮೇಜಿನ ಸಿಕ್ಸ್ಟೆನ್ ಮಾತ್ರ ಬಹಳ ಮೆತ್ತಗೆ, ಕೀವಾಗಿ ಮೂಳೆ ಕೊಳೆತು, ಗುರುವಾರದ ಬಟಾಣಿ ಸೂಪಿಗೆ ತಿರುಪು ಉದುರಿದವನ ಕತೆ ಹೇಳಿದ.

"ನಾನೇನೂ ಹೆದರಿಸ್ತಿಲ್ಲ ಕಣೋ," ಎಂದ. "ನಿನ್ನ ಬಾಯಿ, ನಿನ್ನಿಷ್ಟ. ನಾನಾಗಿದ್ರೆ ಫೋನ್ ಮಾಡಿ ಬೇಡ ಅಂದ್ಬಿಡ್ತಿದ್ದೆ."

ಹಿಲ್ಡಿಂಗನಿಗೆ ಸಾಕುಸಾಕಾಗಿತ್ತು. ಹನ್ನೊಂದಕ್ಕೆ ಫೋನ್ ಮಾಡಿ ಬೇಡ ಎಂದುಬಿಟ್ಟ.

ಊಟದ ಹೊತ್ತಿಗೆ ಕೋಟಿನ ಜೇಬಿನಲ್ಲಿದ್ದ ಆಸ್ಪತ್ರೆಯ ಹಾಳೆ ಕೈಗೆ ಸಿಕ್ಕಿತು. ತುಟಿ ಮರಗಟ್ಟುವುದು ಹೆಚ್ಚಾಗಿ ಕೆಳದವಡೆಯ ಕೆಲಸದಲ್ಲಿ. ಪೊಳ್ಳಿನ ತೊಂದರೆ ಮೇಲಿನ ಹಿಂದಿನ ಹಲ್ಲುಗಳಿಗೆ. ಸೋಂಕಿನ ಭಯ ಎಲ್ಲರಿಗೂ ಇದ್ದರೂ ಸಿಗರೇಟು ಸೇದುವವರಿಗೇ ಹೆಚ್ಚು. ಅವನು ಜನ್ಮದಲ್ಲಿ ಸೇದಿದವನಲ್ಲ. ಇದನ್ನು ಬೆಳಿಗ್ಗೆಯೇ ಓದಬಾರದಿತ್ತೇ ಎಂದು ತನ್ನನ್ನೇ ಬೈದುಕೊಳ್ಳುತ್ತ, ಸೋನೆ ಮಳೆಯಲ್ಲಿ ಎರಡು ಟ್ರಾಮ್ ಬದಲಿಸಿ ಆಸ್ಪತ್ರೆಗೆ ಓಡಿದ.

ಕೌಂಟರಿನಾಕೆ ಇಲ್ಲವೆಂದು ತಲೆಯಾಡಿಸಿದಳು. ಯಾರಾದರೂ ಬಿಟ್ಟುಕೊಟ್ಟ ಹೊತ್ತಿಗಾಗಿ ಕಾಯುವವರದೇ ಒಂದು ಪಟ್ಟಿ ಇತ್ತು. ಅವನ ಎರಡು ಗಂಟೆಯ ಸರದಿ ಹನ್ನೊಂದೂಕಾಲಿಗೇ ಬೇರೆಯವರ ಪಾಲಾಗಿತ್ತು. ಇನ್ನು ಸಿಗುವುದು ಮಾರ್ಚಿಗೆ.

ತಿರುಗಿ ನೋಡಿದರೆ ಬೆಂಚಿನ ಮೇಲೆ ಬೂಟಿನ ಮೇಲೆ ಆಸ್ಪತ್ರೆಯ ನೀಲಿ ಪ್ಲಾಸ್ಟಿಕ್ ಚೀಲ ತೊಟ್ಟು ಸಿಕ್ಸ್ಟೆನ್ ಕೂತಿದ್ದ.

"ವರ್ಷದಿಂದ ಆ ಪಟ್ಟೀಲಿದ್ದೆ ಕಣೋ," ಎಂದ ಅವನು, ನಾಚಿಕೆಯಿಲ್ಲದೆ.

"ಕೊಳೆತ ಮೂಳೆ? ಬಟಾಣಿ ಸೂಪು?"

"ನೂರಕ್ಕೊಬ್ಬರಿಗೆ ಆಗೋದಪ್ಪ ಅದು."

ಒಳಗಿನಿಂದ ಸಿಕ್ಸ್ಟೆನನ ಹೆಸರು ಕರೆದರು. ಅವನು ಎದ್ದು, ತನ್ನ ಒದ್ದೆ ಕೋಟನ್ನು ಹಿಲ್ಡಿಂಗನ ಕೈಗಿತ್ತ.

"ಇದಾದ್ಮೇಲೆ ಒಬ್ಬನೇ ಮನೆಗೆ ಹೋಗ್ಬಾರ್ದಂತೆ. ಹೇಗೂ ಬಂದಿದ್ದೀಯ, ಕೂತಿರು."

ಹಿಲ್ಡಿಂಗ್ ಕೂತ.