ಕಾಕಾನ ಗುಂಡಿನ ವೇಗ

ಗುಲಬರ್ಗಾ ಜಿಲ್ಲೆಯಲ್ಲಿ ಎಲ್ಲರಿಗಿಂತ ಹೆಚ್ಚು ಸಲ ಬಂದೂಕು ಹಾರಿಸಿ, ಒಂದು ಇಲಿಯನ್ನೂ ಕೊಲ್ಲದ ಶಿಕಾರಿಗೆ ಪದಕ ಕೊಡಬೇಕೆಂದು ಸರ್ಕಾರ ಮನಸ್ಸು ಮಾಡಿದ್ದರೆ, ಎದುರಾಳಿಯೇ ಇಲ್ಲದೆ ಅದು ನಮ್ಮ ಕಾಕಾನಿಗೆ ಸಿಗುತ್ತಿತ್ತು! ಕಾಕಾ ಎಂದರೆ ನಮ್ಮ ತಂದೆಯ ತಮ್ಮ. ಶಹಾಬಾದಿನಲ್ಲಿ ಗುಮಾಸ್ತ. ಉಳ್ಳಾಗಡ್ಡಿ ಕೂಡ ಹೊಸ್ತಿಲು ದಾಟದ ನಮ್ಮ ಮನೆಯೊಳಗೆ ಬಂದೂಕು ಹೇಗೆ ಬಂತು ಎನ್ನುತ್ತೀರಾ? ನಿಜಾಮನ ಕಾಲದಲ್ಲಿ ಅಜ್ಜನಿಗೆ ಸಿಕ್ಕಿದ್ದು, ಅಜ್ಜನ ಬೆಳ್ಳಿ ಪಂಚಪಾತ್ರೆಯ ಜೊತೆಗೇ ಕಾಕಾನ ಪಾಲಿಗೆ ಬಂದಿತ್ತು. ಪಂಚಪಾತ್ರೆಯಿಂದ ನಮಗೆ ಯಾವ ಅವಮಾನವೂ ಆಗಲಿಲ್ಲ.

ಭಾನುವಾರ ಸ್ನಾನ ಮುಗಿಸಿ, ಹಣೆಗೆ ಅಂಗಾರ ಅಕ್ಷತೆ ಇಟ್ಟುಕೊಂಡು, ಕಾಕಾ ಪಡಸಾಲೆಯಲ್ಲಿ ಖಾಲಿ ತೋಟಾಗಳಿಗೆ ಮತ್ತೆ ಮದ್ದು ತುಂಬಲು ಕೂರುತ್ತಿದ್ದರು. ಆಗ ಯಾರೂ ಹತ್ತಿರ ಸುಳಿಯುವಂತಿಲ್ಲ. ಕಾಕು, ಅಂದರೆ ಕಾಕಾನ ಹೆಂಡತಿ, ಒಳಗಿನಿಂದಲೇ ಕೂಗುತ್ತಿದ್ದರು: "ಅಂಗಡ್ಯಾಗ ತಯಾರ ತೋಟಾ ಸಿಗ್ತಾವಲ್ರಿ, ತಂದ್ರಾಗಂಗಿಲ್ಲೇನು?"

"ಅಂಗಡಿ ಊಟ, ಅಂಗಡಿ ತೋಟಾ, ನಮಗ ಎರಡೂ ಆಗಿ ಬರಂಗಿಲ್ಲ!"

ಬೆಳೆಗೆ ಹಂದಿ ಬಿತ್ತೆಂದರೆ ತೆಂಗಳಿಯಿಂದಲೋ ಚಿಮ್ಮನಚೋಡದಿಂದಲೋ ಕಾಕಾನಿಗೆ ಕರೆ ಬರುತ್ತಿತ್ತು. ಖಾಕಿ ಚಡ್ಡಿ ತೊಟ್ಟು ಹೋಗುತ್ತಿದ್ದರು. ಢಂ ಢಂ ಎಂದು ಸದ್ದಾಗುತ್ತಿತ್ತು. ಹಂದಿಗಳು ಓಡುತ್ತಿದ್ದವು. ಬೀಳುತ್ತಿರಲಿಲ್ಲ! "ಹಂದಿ ಈಗ ಭಾಳ ಶಾಣ್ಯಾ ಆಗ್ಯಾವ" ಎಂದು ಕಾಕಾ ವಾಪಸು ಬಂದು ಮಡಿಯುಟ್ಟು ಊಟಕ್ಕೆ ಕೂರುತ್ತಿದ್ದರು. ಬಜಾರಿಗೆ ಹೋದರೆ ನಮಗೆ ತಲೆ ಎತ್ತುವ ಹಾಗಿರಲಿಲ್ಲ. "ಏನ್ರೀ, ನಿಮ್ಮ ಢಂ ಕಾಕಾ ಈ ವಾರ ಎಷ್ಟು ಹಂದಿಗಿ ಜೀವದಾನ ಮಾಡಿದ್ರು?" ಎಂದು ತರಕಾರಿಯವಳೂ ಕೇಳುತ್ತಿದ್ದಳು. ನನ್ನ ಮದುವೆಯಲ್ಲಿ ಸೇಡಂನ ಬೀಗರು "ಶಿಕಾರಿ ಕಾಕಾ ಅಂದ್ರ ನೀವೇ ಏನ್ರಿ?" ಎಂದಾಗ ಕಾಕಾ ಎದೆಯುಬ್ಬಿಸಿ "ಹೌದ್ರಿ" ಎಂದರು. ಬಾಸಿಂಗ ಎಂಬ ವಸ್ತುವನ್ನು ಮುಖ ಮರೆಸಿಕೊಳ್ಳಲೆಂದೇ ಮಾಡಿದ್ದಾರೆಂದು ನನಗೆ ಅವತ್ತು ಗೊತ್ತಾಯಿತು.

ಇಂಥ ಮನೆಯ ಹುಡುಗಿಗೆ ಎಂಥ ಗಂಡ ಸಿಗಬೇಕು ಹೇಳಿ? ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಇಂಜಿನಿಯರು, ಅವರಿಗೂ ಬಂದೂಕಿನ ಹುಚ್ಚು! ಕ್ಲಬ್ಬಿನ ಸ್ಪರ್ಧೆಗೆ ಅವರೂ ತೋಟಾ ತುಂಬುತ್ತಿದ್ದರು. ಆದರೆ ಅವರದು ಲೆಕ್ಕದ ಹುಚ್ಚು. "ಗುಂಡಿನ ವೇಗ ಅಳೀಲಾರದ ತೋಟಾ ತುಂಬೋದಂದ್ರ, ರುಚಿ ನೋಡಲಾರದ ಸಾರು ಬಡಿಸಿದಂಗ" ಎನ್ನುತ್ತಿದ್ದರು. ಮೊದಲ ದೀಪಾವಳಿಗೆ ಶಹಾಬಾದಿಗೆ ಬರುವಾಗ ಆ ಅಳೆಯುವ ಯಂತ್ರವನ್ನೂ ಹೊತ್ತು ತಂದರು. ಕ್ರೋನೋಗ್ರಾಫ್ ಅಂತ ಅದರ ಹೆಸರು. ಕಾಕು ಅದನ್ನು "ಕರ್ಣಗ್ರಾಫು" ಮಾಡಿದರು. ತೆಳು ತಂತಿ ಅಂಟಿಸಿದ ಕಾಗದದ ಚೌಕಟ್ಟು ಎರಡು, ಅವಕ್ಕೆ ಜೋಡಿಸಿದ ಪೆಟ್ಟಿಗೆ ಒಂದು. ಗುಂಡು ಮೊದಲ ಕಾಗದ ಹರಿದಾಗ ಪೆಟ್ಟಿಗೆಯೊಳಗಿನ ಗಡಿಯಾರ ಶುರು, ಎರಡನೆಯದನ್ನು ಹರಿದಾಗ ಬಂದ್. ಅಷ್ಟರಿಂದಲೇ ವೇಗ ಗೊತ್ತಾಗುತ್ತದೆ.

ಊರಾಚೆಯ ಹಳೆಯ ಕಲ್ಲಿನ ಗಣಿಯಲ್ಲಿ ಪರೀಕ್ಷೆ ಎಂದು ಗೊತ್ತಾಯಿತು. ಓಣಿಗೆ ಓಣಿಯೇ ಹೊರಟಿತು. ಹಬ್ಬಕ್ಕೆಂದು ಸೇಡಂನಿಂದ ಬಂದಿದ್ದ ನನ್ನ ಮಾವನವರು ಜರಿ ರುಮಾಲು ಸುತ್ತಿಕೊಂಡು ಮುಂದೆಯೇ ಕುಳಿತರು. ನಮ್ಮವರು ಹೊಡೆದರು, ಪೆಟ್ಟಿಗೆ ಅಂಕಿ ತೋರಿಸಿತು, ಜನ ಭಲೇ ಎಂದರು.

"ಈಗ ಕಾಕಾರು ಬರ್ರಿ!" ಎಂದು ನಮ್ಮವರು ಕರೆದರು.

ಕಾಕಾನಿಗೆ ಅವತ್ತೇ ಭುಜ ನೋವು. ಅವತ್ತೇ ಗಾಳಿ ಅಡ್ಡ. ಅವತ್ತೇ ಅಮಾವಾಸ್ಯೆ. ಮಾವನವರು ಬಿಡಲಿಲ್ಲ. "ಹೊಸ ಅಳಿಯನ ಮುಂದ ನಾಚಿಕಿ ಯಾಕ್ರಿ?" ಎಂದರು. ಕಾಕಾ ಎದ್ದರು. ಢಂ!

ಪೆಟ್ಟಿಗೆಯಲ್ಲಿ ಸೊನ್ನೆ.

ನಮ್ಮವರು ತಂತಿ ನೋಡಿದರು, ವೈರು ನೋಡಿದರು, ಪೆಟ್ಟಿಗೆಯ ತಲೆಗೊಂದು ಮೊಟಕಿದರು. "ಇನ್ನೊಂದ್ ಹೊಡೀರಿ ಕಾಕಾ." ಢಂ! ಮತ್ತೆ ಸೊನ್ನೆ. ಹತ್ತಿರ ಹೋಗಿ ನೋಡಿದರೆ ಕಾಗದಕ್ಕೆ ಹೊಗೆ ಬಡಿದಿತ್ತೇ ಹೊರತು ಒಂದು ತೂತೂ ಇರಲಿಲ್ಲ!

"ಇಷ್ಟು ಹತ್ರದಾಗ ತಪ್ಪಿತಲ್ರೋ!" ಎಂದು ಯಾರೋ ಕೂಗಿದರು. ಗಣಿಯ ಗೋಡೆಗಳೂ ಸೇರಿ ನಕ್ಕವು. ನಕ್ಕು ನಕ್ಕು ಮಾವನವರ ರುಮಾಲು ಬಿಚ್ಚಿ ಹೋಯಿತು. ಕಾಕಾ ಬಂದೂಕು ಇಳಿಸಿ, "ಕಣ್ಣು ಮಂಜಾಗ್ಯಾವ್ರಿ, ಗುರಿ ತಪ್ಪಿತು" ಎಂದರು. ಆ ಗಣಿ ಇನ್ನಷ್ಟು ಆಳವಾಗಿ ನನ್ನನ್ನು ನುಂಗಬಾರದೇ ಎನ್ನಿಸಿತು.

ಮನೆಗೆ ಬಂದ ಮೇಲೂ ನಮ್ಮವರ ಲೆಕ್ಕದ ಹುಚ್ಚು ಬಿಡಲಿಲ್ಲ. ಉಳಿದ ತೋಟಾವೊಂದನ್ನು ಬಿಚ್ಚಿದರು. ಒಳಗೆ ಮದ್ದಿತ್ತು. ಅದರ ಮೇಲೆ ಅರಳೆ, ಜೋಳದ ತೌಡು. ಅಷ್ಟೇ.

"ಕಾಕಾ, ಇದರಾಗ ಗುಂಡೇ ಇಲ್ಲಲ್ರಿ!"

ಕಾಕಾ ಎದ್ದು ಬಾಗಿಲು ಮುಂದೆ ಮಾಡಿದರು. ಗೋಡೆ ನೋಡುತ್ತಾ ಹೇಳಿದರು. ನಾನಿನ್ನೂ ಹುಟ್ಟಿರದ ಕಾಲದ ಮಾತು. ಚಿಂಚೋಳಿ ಕಡೆಯ ಒಂದು ತೊಗರಿ ಹೊಲ. ಗಿಡ ಅಲುಗಾಡಿದವು. ಹಂದಿ ಎಂದು ಹೊಡೆದರು. ಹುಲ್ಲು ಕೊಯ್ಯುತ್ತಿದ್ದ ಹೆಣ್ಣುಮಗಳೊಬ್ಬಳು ಎದ್ದು ನಿಂತಳು. ಸೆರಗಿನಲ್ಲಿ ತೂತು. ಕೈಯಲ್ಲಿ ಕುಡುಗೋಲು ಹಾಗೇ ಇತ್ತು.

"'ನಾ ಹಂದಿ ಅಲ್ರಿ ಧಣೇರ' ಅಂದ್ಳು. ಬೈಲಿಲ್ಲ, ಅಳ್ಲಿಲ್ಲ. ಅಷ್ಟೇ ಅಂದ್ಳು." ಕಾಕಾ ಬಿಚ್ಚಿದ ತೋಟಾವನ್ನು ಅಂಗೈಗೆ ತೆಗೆದುಕೊಂಡರು. "ಅವತ್ತಿಂದ ಗುಂಡು ಹಾಕಿಲ್ಲ."

"ಹಂಗಿದ್ರ ಗುರಿ ತಪ್ಪಿತು ಅಂತ ಯಾಕಂದ್ರಿ? ಎಲ್ರೂ ನಕ್ರಲ್ಲ?" ಎಂದೆ.

"ಗುರಿ ಬರಂಗಿಲ್ಲ ಅಂದ್ರ ಮಂದಿ ನಗ್ತಾರ, ಮತ್ತ ಕರೀತಾರ. ಗುಂಡೇ ಇಲ್ಲ ಅಂದ್ರ ಬ್ಯಾರೇವ್ರನ್ನ ಕರೀತಾರವ್ವಾ. ಅವರ ತೋಟಾದಾಗ ಗುಂಡು ಇರ್ತಾವ."

ನಮ್ಮವರು ತೋಟಾಕ್ಕೆ ತೌಡು ತುಂಬಿ, ಮೊದಲಿದ್ದ ಹಾಗೆಯೇ ಮುಚ್ಚಿಟ್ಟರು.

ಆದರೆ ಆ ನಗು ಊರೂರು ತಿರುಗಿತು. ಈ ಸಲ ಯಾರೂ ಕರೆಯಲೇ ಇಲ್ಲ. ಕಾಕಾ ಬಜಾರಿಗೆ ಹೋಗುವುದನ್ನು ಬಿಟ್ಟರು. ಭಾನುವಾರ ಪಡಸಾಲೆ ಖಾಲಿ ಇರುತ್ತಿತ್ತು. ಕಾಕು ಬೇಕೆಂದೇ ಜಗಳ ತೆಗೆದರೂ ಜಗಳಕ್ಕೆ ಬರುತ್ತಿರಲಿಲ್ಲ.

ತೊಗರಿ ಕಾಯಿ ಕಟ್ಟಿದ ಹೊತ್ತಿಗೆ ನಾನು ತವರಿಗೆ ಬಂದಿದ್ದಾಗ ತೆಂಗಳಿಯ ರೈತನೊಬ್ಬ ಬಂದು ಅಂಗಳದಲ್ಲಿ ನಿಂತ. "ಹಂದಿ ಬಿದ್ದಾವ್ರಿ. ನಡೀರಿ ಕಾಕಾ."

"ಗುರಿ ಬರಲಾರದವನ್ನ ಒಯ್ದು ಏನ್ ಮಾಡ್ತೀಯೋ? ಚಿತ್ತಾಪುರದಾಗ ಭಾಳ ದೊಡ್ಡ ಗುರಿಕಾರ ಇದ್ದಾನಂತ, ಕರ್ಕೊಂಡು ಹೋಗು."

"ಕರ್ಕೊಂಡು ಬಂದಿದ್ವಿರಿ." ಆತ ರುಮಾಲು ಕೊಡವಿ ಹೆಗಲಿಗೆ ಹಾಕಿಕೊಂಡ. "ಆತ ಬಂದಾಗಿಂದ ಹೆಣ್ಮಕ್ಕಳು ಹೊಲಕ್ಕ ಕಾಲಿಡವಲ್ರು. 'ಢಂ ಕಾಕಾನ್ನ ಕರಸ್ರಿ, ಆಗ ಮಕ್ಕಳನ್ನ ಕಟ್ಕೊಂಡು ಹೋಗ್ತೀವಿ' ಅಂತ ಕುಂತಾರ್ರಿ."

ಕಾಕಾ ಎದ್ದು ಒಳಗೆ ಹೋದರು. ಒಳಗಿನಿಂದ ಬಂದೂಕು ತಂದು ಮಡಚಿ, ಧೂಳಿದೆಯೋ ಇಲ್ಲವೋ ನೋಡುವವರಂತೆ, ನಮಗೆ ಬೆನ್ನು ಮಾಡಿ ನಳಿಗೆಗೆ ಕಣ್ಣಿಟ್ಟರು. ಕಾಕು ತಂದಿಟ್ಟ ಚಹ ತಣ್ಣಗಾಯಿತು. ರೈತ ಕಾದ. ಕಾಕಾ ನೋಡುತ್ತಲೇ ಇದ್ದರು.