ಅತ್ತೆಯ ಬೀಸುಕಲ್ಲಿನ ಮುಂದೆ ನನ್ನ ಗಿಟಾರು

ಮೂರು ದಿನ ಸಾಕು ಎಂದುಕೊಂಡಿದ್ದೆ. ಏಳು ಬೀಸುವ ಪದ, ಒಂದು ಗಿಟಾರು, ಒಬ್ಬ ನಾನು. ಇದರಲ್ಲಿ ಕೆಡುವಂಥದ್ದು ಏನಿದೆ?

ರಾಯಚೂರಿನ ಒಂದು ಅಕ್ಕಿ ಗಿರಣಿಯಲ್ಲಿ ನಾನು ಗುಮಾಸ್ತ. ಅದು ಹೊಟ್ಟೆಪಾಡಿಗೆ. ಅಸಲಿಗೆ ನಾನೊಬ್ಬ ರಾಕ್ ಸಂಗೀತಗಾರ. ಕಾಲೇಜಿನಲ್ಲಿ ನಮ್ಮದೊಂದು ಬ್ಯಾಂಡ್ ಇತ್ತು. ಉಳಿದ ಮೂವರು ಬುದ್ಧಿ ಬಂದು ಬಿಟ್ಟುಬಿಟ್ಟರು. ನನಗೆ ಬರಲಿಲ್ಲ. ಇಪ್ಪತ್ತು ವರ್ಷಗಳಿಂದ ಮನೆಯ ಹಿಂದಿನ ಕೋಣೆಯಲ್ಲಿ ಎಲೆಕ್ಟ್ರಿಕ್ ಗಿಟಾರನ್ನು ಕಿರುಚಿಸುತ್ತಾ ಬಂದಿದ್ದೇನೆ. ಆದರೂ ನನ್ನ ಹೆಸರಿನದೊಂದು ಆಲ್ಬಮ್ ಇಲ್ಲವಲ್ಲ ಎಂಬ ಕೊರಗು ನಲವತ್ತೈದು ದಾಟಿದ ಮೇಲೆ ಜಾಸ್ತಿಯಾಯಿತು. ಆಗ ಹೊಳೆದದ್ದು ಈ ಉಪಾಯ. ಹಳ್ಳಿಯ ಹೆಂಗಸರು ಜೋಳ ಬೀಸುತ್ತಾ ಹಾಡುವ ಪದಗಳನ್ನು ರಾಕ್ ಶೈಲಿಯಲ್ಲಿ ನಾನೇ ಹಾಡಿ, ನಾನೇ ಬಾರಿಸಿ, ಜನಪದವನ್ನು ಉದ್ಧಾರ ಮಾಡುವುದು!

ಸುದ್ದಿ ಕೇಳಿ ನಮ್ಮ ಗಿರಣಿಯ ಸಾಹುಕಾರರು ಖುಷಿಪಟ್ಟರು. "ಮಾನ್ವಿ ಹೊಸ ಗಿರಣಿ ಪೂಜಾಕ ನಿಮ್ಮ ಹಾಡೇ ಹಾಕಸ್ತೀನ್ರಿ. ಮಂದಿ ಎಲ್ಲ ಕೇಳ್ಲಿ" ಎಂದರು. ಪೂಜೆಗೆ ಹದಿನೈದು ದಿನವಿತ್ತು. ನಾನು ಆ ಸಂಜೆಯೇ ಓಣಿಗೆಲ್ಲ ಹೇಳಿಕೊಂಡು ಬಂದೆ. ಇನ್ನು ಹಿಂದೆ ಸರಿದರೆ ಮಾನ ಉಳಿಯುವಂತಿರಲಿಲ್ಲ.

"ಪದಾ ಯಾರ ಹತ್ರ ಕಲೀತೀರಿ?" ಹೆಂಡತಿ ಶಾಂತಾ ಕೇಳಿದಳು.

"ನಿಮ್ಮವ್ವ ಅದಾರಲ್ಲ."

"ನಮ್ಮವ್ವ ಕಲಸ್ತಾಳ. ನಿಮಗ ಬರಬೇಕಲ್ಲ" ಎಂದಳು.

ಅತ್ತೆ ನೀಲಮ್ಮನವರು ಇರುವುದು ದೇವದುರ್ಗದ ಹತ್ತಿರದ ಹಳ್ಳಿಯಲ್ಲಿ. ಎಪ್ಪತ್ತರ ಹತ್ತಿರದ ವಯಸ್ಸು. ಹೋಗಿ ಅವರ ಮುಂದೆ ಫೋನು ಹಿಡಿದು, ಹಾಡಿರಿ ಅಂದೆ. ಶುರು ಮಾಡಿದರು. ಮೂರನೆಯ ಸಾಲಿಗೆ ನಿಂತುಬಿಟ್ಟರು.

"ಬರವಲ್ದು ನೋಡ್ರಿ. ಕೈ ಖಾಲಿ ಇದ್ರ ಬಾಯಾಗ ಪದಾ ಬರಂಗಿಲ್ಲ. ಕಲ್ಲು ತಿರಗಬೇಕು."

"ರಾಯಚೂರಾಗ ಒಂದು ಕಲ್ಲು ಹುಡಕ್ತೀನ್ರಿ ಅತ್ತಿ."

"ಬ್ಯಾರೆ ಕಲ್ಲಿನ ದನಿ ಬ್ಯಾರೆ ಇರ್ತದ. ನಾ ನಮ್ಮ ಕಲ್ಲಿನ ದನಿಗೆ ಹಾಡಾಕಿ."

ಹೀಗಾಗಿ ಅತ್ತೆಯ ಜೊತೆ ಅತ್ತೆಯ ಬೀಸುಕಲ್ಲೂ ಬಸ್ಸು ಹತ್ತಿತು. ಕೆಳಗಿನ ಕಲ್ಲನ್ನು ಸೀಟಿನ ಅಡಿಗೆ ತಳ್ಳಿದೆ. ಮೇಲಿನ ಕಲ್ಲನ್ನು ಕಾಲ ಹತ್ತಿರ ಗೋಡೆಗೆ ಆನಿಸಿ ನಿಲ್ಲಿಸಿದೆ. ಗುಂಡಗಿರುವ ವಸ್ತುವನ್ನು ಓಡುವ ಬಸ್ಸಿನಲ್ಲಿ ನಿಲ್ಲಿಸಬಾರದು ಎಂಬುದು ಬಿ.ಕಾಂ.ನಲ್ಲಿ ಹೇಳಿಕೊಟ್ಟಿರಲಿಲ್ಲ. ಮೊದಲ ಬ್ರೇಕಿಗೇ ಕಲ್ಲು ಹೊರಟಿತು. ಜನ ಒಬ್ಬೊಬ್ಬರಾಗಿ ಕಾಲು ಎತ್ತಿ ದಾರಿ ಬಿಟ್ಟರು. ಅದು ನೆಟ್ಟಗೆ ಡ್ರೈವರ್ ಸೀಟಿನ ಹಿಂದೆ ಹೋಗಿ ಮಲಗಿತು.

"ಯಾರದ್ರಿ ಇದು?" ಡ್ರೈವರ್ ತಿರುಗಿ ಕೇಳಿದ.

"ನಮ್ಮ ಅಳಿಯಾರು ಹಾಡು ಕಲಿಯಾಕ ಒಯ್ಯಾಕತ್ತಾರಪ್ಪ" ಎಂದು ಅತ್ತೆ ಹೇಳಿದರು. ರಾಯಚೂರು ಮುಟ್ಟುವತನಕ ಇಡೀ ಬಸ್ಸು ನನ್ನನ್ನೇ ನೋಡುತ್ತಿತ್ತು.

ಹಿಂದಿನ ಕೋಣೆಯೇ ನಮ್ಮ ಸ್ಟುಡಿಯೋ. ಗೆಳೆಯ ಖಾಜಾ ಮದುವೆಗಳ ವಿಡಿಯೋ ಮಾಡುವವನು. ಲ್ಯಾಪ್‌ಟಾಪು, ಮೈಕು ಹೊತ್ತು ತಂದ. ಹೊರಗಿನ ಸದ್ದು ಬರದಿರಲೆಂದು ಮನೆಯ ಗಾದಿಗಳನ್ನೆಲ್ಲ ಗೋಡೆಗೆ ನೇತುಹಾಕಿದೆವು. ಫ್ಯಾನ್ ಬಂದ್ ಮಾಡಿದೆವು. ರಾಯಚೂರಿನ ಬಿಸಿಲಿನಲ್ಲಿ ಗಾದಿ ಕಟ್ಟಿದ ಕೋಣೆಯೊಳಗೆ ಫ್ಯಾನಿಲ್ಲದೆ ಕೂತವರಿಗೆ ಸ್ವರ್ಗ ನರಕಗಳ ವಿಷಯದಲ್ಲಿ ಅನುಮಾನ ಉಳಿಯುವುದಿಲ್ಲ.

ಯೋಜನೆ ಹೀಗಿತ್ತು: ತಾಯಿ ಮಗಳು ಎದುರುಬದುರು ಕೂತು ಬೀಸುವುದು, ಅತ್ತೆ ಹಾಡುವುದು, ನಾನು ಗಿಟಾರಿನಲ್ಲಿ ಹಿಡಿದುಕೊಳ್ಳುವುದು, ಆಮೇಲೆ ಅತ್ತೆಯ ದನಿ ತೆಗೆದು ನನ್ನ ದನಿ ಕೂರಿಸುವುದು.

"ಸುಮ್ನ ತಿರವ್ರಿ, ಜ್ವಾಳ ಬ್ಯಾಡ" ಎಂದೆ.

ಅತ್ತೆಯ ಕೈ ನಿಂತಿತು. "ಖಾಲಿ ಕಲ್ಲು ತಿರವಬಾರದ್ರಿ ಯಪ್ಪಾ. ಮನಿಗೆ ಛಲೋ ಅಲ್ಲ."

ಜೋಳ ಬಂತು. ಪದವೂ ಬಂತು. ಬಂದದ್ದು ಹೋಗಲೇ ಇಲ್ಲ! ಐದು ನಿಮಿಷ, ಎಂಟು ನಿಮಿಷ, ಹನ್ನೊಂದು ನಿಮಿಷ. ಪದದೊಳಗೆ ತವರಿನ ಅಣ್ಣ ಹೊಳೆ ದಾಟಿ ಬಂದ, ಕಾಲು ತೊಳೆದ, ಉಂಡ, ತಂಗಿಯ ಕಷ್ಟಸುಖ ವಿಚಾರಿಸಿದ. ಇನ್ನೂ ಎದ್ದು ಹೊರಡುವ ಲಕ್ಷಣವಿಲ್ಲ. ಖಾಜಾ ನನ್ನ ಮುಖ ನೋಡಿದ.

"ಅತ್ತಿ, ಹಾಡು ಎಲ್ಲಿ ಮುಗೀತದ್ರಿ?"

"ಜ್ವಾಳ ಮುಗದ ಮ್ಯಾಲ."

ನನ್ನ ತಲೆ ಚುರುಕಾಯಿತು. ಮರುದಿನ ನಾಲ್ಕು ನಿಮಿಷಕ್ಕೆ ಸರಿಹೋಗುವಂತೆ ಎರಡೇ ಹಿಡಿ ಜೋಳ ಇಟ್ಟೆ. ಅತ್ತೆ ಬಟ್ಟಲನ್ನೂ ನನ್ನನ್ನೂ ನೋಡಿದರು. "ಇಷ್ಟಕ್ಕ ಯಾರರ ಪದಾ ಹಾಡ್ತಾರೇನ್ರಿ? ಇದು ಕೆಮ್ಮೂದ್ರಾಗ ಮುಗೀತದ."

ಹಾಗಾಗಿ ಪ್ರತಿಸಲ ಸೇರು ಜೋಳ. ನಾನು ತಪ್ಪಿದಾಗೆಲ್ಲ ಮತ್ತೊಂದು ಸೇರು. ನಾನು ತಪ್ಪುವುದರಲ್ಲಿ ಜಿಪುಣನಲ್ಲ. ನಾಲ್ಕು ದಿನದಲ್ಲಿ ಮನೆಯ ಡಬ್ಬಿಗಳು ತುಂಬಿದವು, ಗಿಟಾರಿನ ತಂತಿಗಳು ಬೆಳ್ಳಗಾದವು, ಆಂಪ್ಲಿಫೈಯರ್ ಚಾಲೂ ಮಾಡಿದರೆ ಹಿಟ್ಟಿನ ಹೊಗೆ ಎದ್ದಿತು. ಎದುರು ಮನೆಯ ಸಾವಿತ್ರಮ್ಮ ಚೀಲ ಹಿಡಿದು ಬಂದರು. "ಕಲ್ಲಾಗ ಬೀಸಿದ ಹಿಟ್ಟಿನ ರೊಟ್ಟಿ ರುಚಿನೇ ಬ್ಯಾರೆ ನೋಡ್ರಿ. ನಮ್ದೂ ಒಂದೀಟು ರೆಕಾರ್ಡಿಂಗಿಗೆ ಹಾಕ್ರಿ."

ಇಷ್ಟೆಲ್ಲ ತಪ್ಪಿಗೆ ಕಾರಣ ಅತ್ತೆಯ ತಾಳ ಎಂಬುದು ನನ್ನ ದೃಢವಾದ ಅಭಿಪ್ರಾಯವಾಗಿತ್ತು. ಅವರ ಕಿವಿಗೆ ತಾಳದ ಯಂತ್ರದ ಹೆಡ್‌ಫೋನ್ ಹಾಕಿದೆ. ಅರ್ಧ ನಿಮಿಷಕ್ಕೆ ತೆಗೆದು ಕೆಳಗಿಟ್ಟರು. "ಇದು ಟಿಕ್ ಟಿಕ್ ಅಂತದ, ಏನೂ ಕೆಲಸ ಮಾಡವಲ್ದು."

"ಅತ್ತಿ ತಾಳ ಬಿಟ್ಟು ಓಡಾಕತ್ತಾರ. ಲ್ಯಾಪ್‌ಟಾಪಿನ್ಯಾಗ ಎಳದು ಸರಿ ಮಾಡೋ ಮಾರಾಯ" ಎಂದೆ ಖಾಜಾನಿಗೆ.

ಅವನು ಬಹಳ ಹೊತ್ತು ಪರದೆ ನೋಡಿದ. ಕೆಮ್ಮಿದ. "ಅಮ್ಮಾರು ಸುರುದಾಗ ಹ್ಯಾಂಗಿದ್ರೋ ಕಡೀಕೂ ಹಂಗೇ ಅದಾರಪ್ಪ. ಹನ್ನೊಂದು ನಿಮಿಷಾನೂ ಕೂದಲೆಳಿ ಫರಕಿಲ್ಲ. ಓಡಿದ್ದು ಗಿಟಾರು."

ಇಪ್ಪತ್ತು ವರ್ಷದ ಸಾಧನೆ ಅಲ್ಲೇ ಹಿಟ್ಟಾಯಿತು.

ಆರನೆಯ ದಿನ ಶಾಂತಾಳ ಮಣಿಕಟ್ಟು ಊದಿಕೊಂಡಿತು. "ನಿಮ್ಮ ಆಲ್ಬಮ್ ನೀವೇ ಬೀಸ್ಕೋರಿ" ಎಂದು ಎದ್ದು ಹೋದಳು. ಅತ್ತೆಯ ಎದುರು ನಾನು ಕೂತೆ. ಒಂದೇ ಗೂಟಕ್ಕೆ ಅವರದೊಂದು ಕೈ, ನನ್ನದೊಂದು ಕೈ. ಹಾಡುತ್ತಲೇ ಬೀಸಿಬಿಡೋಣ ಎಂದು ದನಿ ಎತ್ತಿದೆ. ಎರಡನೆಯ ಸಾಲಿಗೆ ಉಸಿರು ಮುಗಿಯಿತು. ನಾಲ್ಕನೆಯ ಸಾಲಿಗೆ ಭುಜ ಹೋಯಿತು. ಜೋರು ಮಾಡಿ ಎಳೆದದ್ದಕ್ಕೆ ಮೇಲಿನ ಕಲ್ಲು ಸರಿದು ಜೋಳವೆಲ್ಲ ಕೋಣೆ ತುಂಬ ಚೆಲ್ಲಿತು. ಅತ್ತೆ ನಗಲಿಲ್ಲ. ಕಲ್ಲು ಕೂರಿಸಿ, ಕಾಳು ಬಳಿದು, "ನೀವು ಎಳೀಬ್ಯಾಡ್ರಿ. ನನ್ನ ಕೈ ಬಂದಾಗ ಬರ್ರಿ, ಹೋದಾಗ ಹೋಗ್ರಿ. ಬಾಯಿ ಮುಚ್ಚಿ ಪದಾ ಕೇಳ್ರಿ" ಎಂದರು.

ನಾನು ಬಾಯಿ ಮುಚ್ಚಿದೆ. ಹುಟ್ಟಿದಾಗಿನಿಂದ ಮಾಡಿದ ಕೆಲಸಗಳಲ್ಲಿ ಅದೇ ಶ್ರೇಷ್ಠವಾದದ್ದು. ಕೈ ತಾನಾಗಿ ತಿರುಗತೊಡಗಿತು. ಕಲ್ಲು ಗುರ್ರ್ ಎನ್ನುವುದು, ಅದರ ಮೇಲೆ ಆ ದನಿ, ಸಾಲು ಮುಗಿಯುವಲ್ಲಿ ಸರಿಯಾಗಿ ಹಿಡಿ ಜೋಳ ಕಲ್ಲಿನ ಬಾಯಿಗೆ ಬೀಳುವುದು. ತಂಗಿ ತನ್ನ ಕಷ್ಟವನ್ನು ಅಣ್ಣನಿಗೆ ಹೇಳದೆ ನುಂಗಿಕೊಂಡ ಜಾಗ ಬಂದಾಗ ನನ್ನ ಕಣ್ಣು ತುಂಬಿತು. ಇಂಥ ಹಾಡುಗಾರ್ತಿಯನ್ನು ಎದುರಿಗಿಟ್ಟುಕೊಂಡು ಇವರ ದನಿ ತೆಗೆಯಬೇಕೆಂದಿದ್ದೆನಲ್ಲ, ನಾಚಿಕೆಯಾಯಿತು.

ಆ ಸಂಜೆ ಖಾಜಾ ಎಲ್ಲವನ್ನೂ ಕೂಡಿಸಿ ಕೇಳಿಸಿದ. "ಗಿಟಾರು ಸ್ವಲ್ಪ ಕಡಿಮಿ ಮಾಡ್ಲೇನು?" ಎಂದ. ಮಾಡು ಅಂದೆ. ಹಾಡು ಸುಧಾರಿಸಿತು. "ಇನ್ನೊಂದೀಟು?" ಇನ್ನೂ ಸುಧಾರಿಸಿತು. ಕೊನೆಗೆ ನಾನೇ ಕೈ ಚಾಚಿ ಗಿಟಾರನ್ನು ಪೂರ್ತಿ ತೆಗೆದೆ. ಏನೂ ಕಡಿಮೆಯಾಗಲಿಲ್ಲ. ಇರಲಿ ಎಂದು ಕಲ್ಲಿನ ಸದ್ದನ್ನೂ ತೆಗೆದು ನೋಡಿದೆವು. ಹಾಡು ಕಾಲು ಮುರಿದು ಕೂತಿತು. ತಕ್ಷಣ ವಾಪಸು ಹಾಕಿದೆವು. ಉಳಿದ ದಿನಗಳಲ್ಲಿ ಏಳೂ ಪದಗಳನ್ನು ಹಾಗೇ ಮುಗಿಸಿದೆವು. ಹಾಡು ನೀಲಮ್ಮನವರದು. ನಾನು ಬಾಯಿ ಮುಚ್ಚಿಕೊಂಡು ಬೀಸಿದೆ.

ಮಾನ್ವಿಯ ಪೂಜೆಯಲ್ಲಿ ಪದಗಳು ದೊಡ್ಡ ಸ್ಪೀಕರಿನಲ್ಲಿ ಹೊರಟಾಗ ಗದ್ದಲ ನಿಂತಿತು. ಅಕ್ಕಿ ಹಸನು ಮಾಡಲು ಬಂದಿದ್ದ ಹೆಂಗಸರು ಚೀಲಗಳ ಹತ್ತಿರ ಹಾಗೇ ಕೂತರು. ಒಬ್ಬಾಕೆಯ ಬಲಗೈ ತೊಡೆಯ ಮೇಲೆ ಮೆಲ್ಲಗೆ ಸುತ್ತುತ್ತಿತ್ತು. ಮುಂದಿನ ಸಾಲಿನಲ್ಲಿ ಕೂತಿದ್ದ ಅತ್ತೆ ಯಾರದೋ ಹಾಡು ಕೇಳುವವರಂತೆ ತಲೆದೂಗುತ್ತಿದ್ದರು. ನನ್ನ ಎದೆ ಹೆಮ್ಮೆಯಿಂದ ಉಬ್ಬಿತು. ಅಷ್ಟರಲ್ಲಿ ಸಾಹುಕಾರರು ಕಣ್ಣು ಒರೆಸಿಕೊಂಡು ನನ್ನನ್ನು ಮೇಲೆ ಕರೆದು, ಮೈಕು ಕೈಗೆ ಕೊಟ್ಟು ಕೇಳಿದರು: "ಹಾಡಿದಾಕಿ ನೀಲಮ್ಮ ಅಂದ್ರಿ. ಇದ್ರಾಗ ನೀವು ಏನು ಬಾರಿಸೀರಿ?"

ಸಾವಿರ ಕಣ್ಣು ನನ್ನ ಮೇಲೆ. ರಾಕ್ ಸಂಗೀತಗಾರನ ಮೊದಲ ವೇದಿಕೆ.

"ಬೀಸೀನ್ರಿ" ಎಂದೆ.

ಜನ ಘೊಳ್ಳೆಂದು ನಕ್ಕರು. ನಂಬಲಿಲ್ಲ. ಅತ್ತೆಗೆ ಅದು ಸೇರಲಿಲ್ಲ. ಎದ್ದು ನಿಂತು, ಅಳಿಯನ ಮಾನ ಕಾಯಲು ಎಲ್ಲರಿಗೂ ಕೇಳುವಂತೆ ಸಾಕ್ಷಿ ಹೇಳಿದರು:

"ಸುಳ್ಳಲ್ರವ್ವ, ಅವರೇ ಬೀಸ್ಯಾರ. ಹಿಟ್ಟಿನ್ಯಾಗ ಒಂದೀಟು ತರಿ ಉಳದದ ಅಷ್ಟ. ಸಾಣಿಸಿ ತಗೊಂಡ್ರ ನಡೀತದ."